ಮನೆಗೆ ಕಳಿಸುವ ಹಣ ಮತ್ತು ದೇಶದ ವ್ಯಾಪಾರ ಕೊರತೆ

ನಮಸ್ಕಾರ. ಫ್ರಾಂಕ್‌ಫರ್ಟ್‌ಗೆ ಬಂದ ಮೂರೇ ತಿಂಗಳಲ್ಲಿ ರಾಜಾಜಿನಗರದ ಮನೆಗೆ ಹಣ ಕಳಿಸಲು ಆರಂಭಿಸಿದ್ದೀರಿ. ಇದರಿಂದ ಭಾರತದ ವ್ಯಾಪಾರ ಕೊರತೆ, ಅಂದರೆ ರಫ್ತಿಗಿಂತ ಆಮದು ಹೆಚ್ಚಿರುವ ಮೊತ್ತ, ಅಷ್ಟಾದರೂ ತಗ್ಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಿ ಹದಿನೆಂಟು ವರ್ಷ ಕಳೆದ ಮೇಲೆ ನಾನು ಹೇಳಬಹುದಾದದ್ದು, ತಗ್ಗುವುದಿಲ್ಲ ಎಂದೇ.

ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಜರ್ಮನಿಯ ಕಂಪನಿಗೆ ನೀವು ಮಾಡುತ್ತಿದ್ದ ಕೆಲಸ ಸೇವೆಗಳ ರಫ್ತಾಗಿತ್ತು. ಈಗ ಕಳಿಸುವ ಯೂರೋಗೆ ಪ್ರತಿಯಾಗಿ ಭಾರತ ಏನನ್ನೂ ಮಾರಿಲ್ಲವಾದ್ದರಿಂದ, ಅದು ದೇಶದ ಚಾಲ್ತಿ ಖಾತೆಯಲ್ಲಿ (ವ್ಯಾಪಾರ, ಆದಾಯ, ವರ್ಗಾವಣೆಗಳಿಂದ ಹೊರದೇಶಗಳೊಡನೆ ಬಂದುಹೋಗುವ ಹಣದ ಲೆಕ್ಕ) ವರ್ಗಾವಣೆ ಎಂಬ ಬೇರೆಯೇ ಬಾಬ್ತಿಗೆ ಸೇರುತ್ತದೆ. 2023-24ರಲ್ಲಿ ಸರಕು ವ್ಯಾಪಾರದ ಕೊರತೆ ಸುಮಾರು 24,000 ಕೋಟಿ ಡಾಲರ್ ಇದ್ದರೂ ಚಾಲ್ತಿ ಖಾತೆಯ ಕೊರತೆ ಜಿಡಿಪಿಯ ಶೇ 1ನ್ನು ಮುಟ್ಟದೆ ಉಳಿದದ್ದು, ಸೇವಾ ರಫ್ತಿನ ಜೊತೆಗೆ ನಮ್ಮಂಥವರು ಕಳಿಸಿದ ಸುಮಾರು 12,000 ಕೋಟಿ ಡಾಲರ್‌ಗಳಿಂದ. ವ್ಯಾಪಾರ ಕೊರತೆ ಇದ್ದಂತೆಯೇ ಇತ್ತು. ಅದರ ಬಿಲ್ಲಿನ ಒಂದು ಪಾಲನ್ನು ನಾವು ಕಟ್ಟಿದೆವು.

ಕೊರತೆಯನ್ನು ಹಿಗ್ಗಿಸುವುದರಲ್ಲೂ ನಮ್ಮ ಕೈ ಇದೆ. ನೀವೀಗ ಇರುವ ದೇಶ ಮೊದಲ ಮಹಾಯುದ್ಧದ ಪರಿಹಾರ ಕಟ್ಟುತ್ತಿದ್ದಾಗ, 1929ರಲ್ಲಿ, ಅರ್ಥಶಾಸ್ತ್ರಜ್ಞರಾದ ಕೇನ್ಸ್ ಮತ್ತು ಓಲಿನ್ ಇದೇ ವಿಷಯಕ್ಕೆ ವಾದಕ್ಕಿಳಿದಿದ್ದರು: ಹಣ ಪಡೆದ ದೇಶದ ಕೊಳ್ಳುವ ಶಕ್ತಿಯೇ ಹೆಚ್ಚುವುದರಿಂದ ಆಮದೂ ತಾನಾಗಿ ಹೆಚ್ಚುತ್ತದೆ ಎಂಬುದು ಓಲಿನ್ ನಿಲುವು. ಬೆಂಗಳೂರಿನ ಮನೆಯ ಲೆಕ್ಕ ನೋಡಿದರೆ ನನಗೆ ಓಲಿನ್ ಸರಿಯೆನಿಸುತ್ತದೆ. ನಂದಿನಿ ಹಾಲು, ಕೆಲಸದವರ ಸಂಬಳ, ಮನೆ ಬಾಡಿಗೆ ಊರಿನಲ್ಲೇ ಉಳಿಯುತ್ತವೆ. ಆದರೆ ಸೂರ್ಯಕಾಂತಿ ಎಣ್ಣೆ, ಪೆಟ್ರೋಲು, ಅಕ್ಷಯ ತೃತೀಯಕ್ಕೆ ಅಮ್ಮ ಕೊಳ್ಳುವ ಚಿನ್ನ ಬಹುಪಾಲು ಹೊರಗಿನಿಂದಲೇ ಬರಬೇಕು. (ಕೋಲಾರದ ಗಣಿಗಳೂ 2001ರಲ್ಲಿ ಮುಚ್ಚಿದವು.) ಇದಲ್ಲದೆ, ಒಳಬರುವ ವಿದೇಶಿ ಹಣ ರೂಪಾಯಿಗೆ ಬಲ ಕೊಟ್ಟಷ್ಟೂ ಪೀಣ್ಯದ ಬಿಡಿಭಾಗವಾಗಲಿ, ಸಿದ್ಧ ಉಡುಪಾಗಲಿ ಹೊರಗಿನ ಗಿರಾಕಿಗೆ ದುಬಾರಿಯಾಗುತ್ತದೆ.

ಹಾಗೆಂದು ಕಳಿಸುವುದನ್ನು ನಿಲ್ಲಿಸಬೇಡಿ. ಸಾಲ ತಂದು ಆಮದಿನ ಬಿಲ್ಲು ತೀರಿಸುವುದಕ್ಕಿಂತ, ಹಿಂದಿರುಗಿಸಬೇಕಿಲ್ಲದ ಈ ಹಣ ದೇಶಕ್ಕೆ ಎಷ್ಟೋ ಮೇಲು. ಎನ್‌ಆರ್‌ಇ ಠೇವಣಿ (ಅನಿವಾಸಿ ಭಾರತೀಯರು ಹೊರಗಿನ ಗಳಿಕೆಯನ್ನು ಭಾರತದ ಬ್ಯಾಂಕಿನಲ್ಲಿ ಇಡುವುದು) ಮಾತ್ರ ಬೇರೆ: ಅದು ಬ್ಯಾಂಕಿನಲ್ಲಿರುವವರೆಗೆ ದೇಶ ನಿಮಗೆ ಕೊಡಬೇಕಾದ ಬಾಕಿಯಾಗಿ, ಸಾಲ-ಹೂಡಿಕೆಗಳ ಲೆಕ್ಕವಾದ ಬಂಡವಾಳ ಖಾತೆಯಲ್ಲಿರುತ್ತದೆ, ಊರಿನ ಖರ್ಚಿಗೆಂದು ರೂಪಾಯಿಯಲ್ಲಿ ತೆಗೆದ ಮೇಲಷ್ಟೇ ರಿಸರ್ವ್ ಬ್ಯಾಂಕ್ ಅದನ್ನು ವರ್ಗಾವಣೆ ಎಂದು ಎಣಿಸುತ್ತದೆ.