‘ಗೆಟ್’ ಪಟ್ಟಿ ಹರಿದು ಹಾಕಿ

ಪ್ರಶ್ನೆ: ಇಂಗ್ಲಿಷಿನ ‘ಗೆಟ್’ ಪದಕ್ಕೆ ನೂರು ಅರ್ಥ ಇರುವ ಒಂದು ಪಟ್ಟಿ ಸಿಕ್ಕಿದೆ. ದಿನಕ್ಕೆ ಐದರಂತೆ ಬಾಯಿಪಾಠ ಮಾಡುತ್ತಿದ್ದೇನೆ. ಮಾತಾಡಲು ನಿಂತರೆ ಒಂದೂ ನೆನಪಾಗುವುದಿಲ್ಲ. ಏನು ಮಾಡಲಿ?

ಹರಿದು ಹಾಕಿ. ಈ ಪ್ರಶ್ನೆ ಬಂದಾಗಲೆಲ್ಲ ಜೊತೆಗೆ ಆ ಪಟ್ಟಿಯೂ ಬರುತ್ತದೆ, ಅದನ್ನು ನೋಡಿ ನೋಡಿ ಸಾಕಾಗಿದೆ. ಒಂದೊಂದು ವಾಕ್ಯಕ್ಕೂ ಒಂದೊಂದು ಅರ್ಥ ಬರೆದು ನೂರು ತುಂಬಿಸಿರುತ್ತಾರೆ. ಹಾಗೆ ಎಣಿಸಿದರೆ ನಮ್ಮ ‘ಹೊಡೆ’ಗೂ ನೂರಾಗುತ್ತದೆ. ನಿದ್ದೆ ಹೊಡೆ, ಹರಟೆ ಹೊಡೆ, ಬಣ್ಣ ಹೊಡೆ, ಗಾಳಿ ಹೊಡೆ. ಇದನ್ನೆಲ್ಲ ನೀವು ಪಟ್ಟಿ ಇಟ್ಟುಕೊಂಡು ಕಲಿತಿರಾ? ಇಲ್ಲ ಅಲ್ವಾ?

‘ಗೆಟ್’ ಹಿಂದೆ ಇರುವುದು ಒಂದೇ ಯೋಚನೆ: ಮೊದಲು ಇರಲಿಲ್ಲ, ಈಗ ಬಂತು. ಬಂದದ್ದು ವಸ್ತುವಾದರೆ ‘ಸಿಗು’. ಸ್ಥಿತಿಯಾದರೆ ‘ಆಗು’. ಊರೋ ಮನೆಯೋ ಬಂದರೆ ‘ತಲುಪು’. ವಿಷಯ ತಲೆಗೆ ಬಂದರೆ ‘ಅರ್ಥವಾಗು’. ವೈಕಿಂಗ್ ಜನರ ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪದ ಇದು. ಅಲ್ಲೂ ಇದರ ಅರ್ಥ ‘ಪಡೆ’ ಅಂತಲೇ ಇತ್ತು.

ಇದರಲ್ಲಿ ಜಾಸ್ತಿ ಜನ ಎಡವುವುದು ‘ಆಗು’ ಹತ್ತಿರ. ‘ಶಿ ಈಸ್ ಮ್ಯಾರೀಡ್’ ಅಂದರೆ ಅವಳಿಗೆ ಮದುವೆ ಆಗಿದೆ, ಈಗಿನ ಸ್ಥಿತಿ. ‘ಶಿ ಗಾಟ್ ಮ್ಯಾರೀಡ್’ ಅಂದರೆ ಮದುವೆ ಆಯಿತು, ನಡೆದ ಘಟನೆ. ಆದ್ದರಿಂದ ‘ಶಿ ಗಾಟ್ ಮ್ಯಾರೀಡ್ ಇನ್ 2019’ ಸರಿ, ‘ಶಿ ಈಸ್ ಮ್ಯಾರೀಡ್ ಇನ್ 2019’ ತಪ್ಪು. ‘ಆಗಿದೆ’, ‘ಆಯಿತು’ ಎರಡನ್ನೂ ಕನ್ನಡದಲ್ಲಿ ಒಮ್ಮೆಯೂ ಅದಲುಬದಲು ಮಾಡದವರು ಇಂಗ್ಲಿಷಿಗೆ ಬಂದ ಕೂಡಲೇ ಯಾಕೆ ಹೆದರುತ್ತಾರೋ ಗೊತ್ತಿಲ್ಲ.

ಆದರೆ ‘ಆಗು’ ಕಂಡಲ್ಲೆಲ್ಲ ‘ಗೆಟ್’ ಅಂಟಿಸಲೂ ಬೇಡಿ. ‘ನನಗೆ ಲೇಟಾಗ್ತಿದೆ’ ಅನ್ನುವುದಕ್ಕೆ ‘ಐ ಆ್ಯಮ್ ಗೆಟಿಂಗ್ ಲೇಟ್’ ಅನ್ನುವವರು ಲೆಕ್ಕವಿಲ್ಲದಷ್ಟು. ಲೇಟಾಗುವುದು ಹೊತ್ತು, ನೀವಲ್ಲ. ‘ಇಟ್ಸ್ ಗೆಟಿಂಗ್ ಲೇಟ್’ ಅನ್ನಿ. ನಿಮ್ಮನ್ನೇ ಸೇರಿಸಬೇಕಿದ್ದರೆ ‘ಐ ಆ್ಯಮ್ ರನ್ನಿಂಗ್ ಲೇಟ್’.

ಇನ್ನೊಂದು ಜಾಗ ‘ಮಾಡಿಸು’. ‘ಐ ರಿಪೇರ್ಡ್ ಮೈ ಸೈಕಲ್’ ಅಂದರೆ ನೀವೇ ಸ್ಪ್ಯಾನರ್ ಹಿಡಿದು, ಕೈಯೆಲ್ಲ ಗ್ರೀಸ್ ಮಾಡಿಕೊಂಡು ರಿಪೇರಿ ಮಾಡಿದಿರಿ. ಬೇರೆಯವರ ಕೈಲಿ ಮಾಡಿಸಿದ್ದರೆ ‘ಐ ಗಾಟ್ ಮೈ ಸೈಕಲ್ ರಿಪೇರ್ಡ್’. ಪದಗಳ ಸಾಲು ನೋಡಿ: ಗಾಟ್, ಆಮೇಲೆ ವಸ್ತು, ಕೊನೆಗೆ ಕ್ರಿಯೆ. ವಸ್ತು ನಡುವೆ ಕೂರಲೇಬೇಕು. ಕಟಿಂಗ್ ಮಾಡಿಸಿಕೊಂಡು ಬಂದು ‘ಐ ಕಟ್ ಮೈ ಹೇರ್’ ಅಂದರೆ, ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ ತಿಳಿಯುವವರೂ ಇದ್ದಾರೆ.

ಮಾಡಿದವರ ಹೆಸರೂ ಹೇಳಬೇಕಾದರೆ ‘ಟು’ ಬರುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಅದೇ ‘ಮೇಕ್’ ಆದರೆ ‘ಟು’ ಇಲ್ಲ: ‘ಐ ಮೇಡ್ ಹಿಮ್ ಸೈನ್’. ಮೊದಲನೆಯದರಲ್ಲಿ ಸ್ವಲ್ಪ ಒಪ್ಪಿಸಿ, ಪುಸಲಾಯಿಸಿ ಮಾಡಿಸಿದ ವಾಸನೆ ಇದೆ. ಎರಡನೆಯದರಲ್ಲಿ ಬಲವಂತ. ಆಫೀಸಿನ ಮೇಲ್‌ನಲ್ಲಿ ಯಾವುದು ಬರೆಯುತ್ತಿದ್ದೀರಿ ಅಂತ ಎರಡು ಸಲ ನೋಡಿ ಕಳಿಸಿ. ನಾನಂತೂ ನೋಡುತ್ತೇನೆ.

ಪ್ರಶ್ನೆ: ಬರವಣಿಗೆಯಲ್ಲಿ ‘ಗೆಟ್’ ಬಳಸಲೇಬಾರದು ಅಂತಾರಲ್ಲ?

ಅಂತಾರೆ. ನನಗೂ ಒಬ್ಬ ಮೇಷ್ಟ್ರು ‘ಗಾಟ್’ ಕಂಡಲ್ಲೆಲ್ಲ ಕೆಂಪು ಶಾಯಿ ಎಳೆಯುತ್ತಿದ್ದರು. ಒಂದು ಪುಟದಲ್ಲಿ ಒಂಬತ್ತು ಗೆರೆ! ವ್ಯಾಕರಣದಲ್ಲಿ ಅಂಥ ನಿಯಮವೇ ಇಲ್ಲ. ಅದು ಸಲಿಗೆಯ ಪದ, ಅಷ್ಟೇ. ಕೆಲಸದ ಅರ್ಜಿಯಲ್ಲಿ ನಾನೂ ‘ರಿಸೀವ್’ ಅಂತಲೇ ಬರೆಯುತ್ತೇನೆ. ಗೆಳೆಯನಿಗೆ ‘ಐ ರಿಸೀವ್ಡ್ ಯುವರ್ ಮೆಸೇಜ್’ ಅಂತ ಬರೆದರೆ ಮಾತ್ರ ಮುನಿಸಿಕೊಂಡ ಹಾಗೆ ಕೇಳಿಸುತ್ತದೆ.

ಪ್ರಶ್ನೆ: ‘ಹ್ಯಾವ್’ ಜೊತೆ ‘ಗಾಟ್’ ಬದಲು ‘ಗಾಟನ್’ ಅನ್ನುವುದು ತಪ್ಪು, ಅಮೆರಿಕದವರು ಇಂಗ್ಲಿಷ್ ಕೆಡಿಸಿದರು ಅಂತಾರೆ, ನಿಜವೇ?

ಸುಮ್ನೆ ಹಬ್ಬಿಸಿದ ಮಾತು. ‘ಗಾಟನ್’ ಇಂಗ್ಲೆಂಡಿನದೇ ಹಳೆಯ ರೂಪ. ಅಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ‘ಫರ್ಗಾಟನ್’ ಅಂತ ಬ್ರಿಟಿಷರು ಇಂದಿಗೂ ಹೇಳುವಾಗ ಯಾರೂ ಹುಬ್ಬೇರಿಸುವುದಿಲ್ಲ. ಅಮೆರಿಕದವರಿಗೆ ‘ಐ ಹ್ಯಾವ್ ಗಾಟ್’ ಅಂದರೆ ನನ್ನ ಹತ್ತಿರ ಇದೆ, ‘ಐ ಹ್ಯಾವ್ ಗಾಟನ್’ ಅಂದರೆ ನನಗೆ ಸಿಕ್ಕಿದೆ. ಕೆಡಿಸಿದ್ದೆಲ್ಲಿ, ಇಟ್ಟುಕೊಂಡಿದ್ದಾರೆ.

ಪ್ರಶ್ನೆ: ‘ಗೆಟ್ ಟು ಹೋಮ್’ ಸರಿಯೇ?

ಅಲ್ಲ. ‘ಗೆಟ್ ಹೋಮ್’. ಆಫೀಸಿಗಾದರೆ ‘ಗೆಟ್ ಟು ದಿ ಆಫೀಸ್’.

ಪ್ರಶ್ನೆ: 30 ದಿನದಲ್ಲಿ ನಿರರ್ಗಳ ಇಂಗ್ಲಿಷ್ ಕಲಿಸುವ ಕೋರ್ಸಿಗೆ ಸೇರಲೇ? ‘ಗೆಟ್’ ಪಟ್ಟಿ ಉಚಿತವಂತೆ.

ಮೊದಲ ಉತ್ತರದ ಮೊದಲ ವಾಕ್ಯ ಓದಿ.