ಎ.ಸಿ. ಕೆಟ್ಟಾಗ ಹೆದರಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ನಮ್ಮ ಮಲಗುವ ಕೋಣೆಯ ಸ್ಪ್ಲಿಟ್ ಎ.ಸಿ. ಸರಿಯಾಗಿ ತಂಪು ಕೊಡುತ್ತಿಲ್ಲ. ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಆರಿಸಿದ ಮೇಲೆ ಗೋಡೆಯ ಮೇಲೆ ನೀರಿಳಿಯುತ್ತದೆ. ಕಳೆದ ವರ್ಷ ಗ್ಯಾಸ್ ತುಂಬಿಸಿದ್ದೆವು, ಈ ವರ್ಷವೂ ತುಂಬಿಸಬೇಕು ಎನ್ನುತ್ತಿದ್ದಾರೆ. ಆ ಕೋಣೆಯಲ್ಲಿ ಮಲಗುವ ನಮ್ಮ ಅತ್ತೆಯವರಿಗೆ ಆಸ್ತಮಾ ಇದೆ, ಈಚೆಗೆ ರಾತ್ರಿಯ ಕೆಮ್ಮು ಹೆಚ್ಚಾಗಿದೆ. ಸೋರಿದ ಗ್ಯಾಸ್ ವಿಷವೇ? ರಿಪೇರಿಯಾಗುವವರೆಗೆ ಎ.ಸಿ. ಹಾಕಬಹುದೇ?

ಉತ್ತರ: ಹಾಕಬೇಡಿ. ಅತ್ತೆಯವರನ್ನು ಸದ್ಯಕ್ಕೆ ಬೇರೆ ಕೋಣೆಗೆ ಕಳುಹಿಸಿ, ಕೆಮ್ಮಿನ ವಿಷಯವನ್ನು ಅವರ ವೈದ್ಯರಿಗೆ ತಿಳಿಸಿ.

ಎ.ಸಿ.ಯ ಗ್ಯಾಸ್ ಇಂಧನವಲ್ಲ, ಬಳಸಿದಷ್ಟು ಮುಗಿಯುವ ವಸ್ತುವೂ ಅಲ್ಲ. ಮುಚ್ಚಿದ ಕೊಳವೆಗಳೊಳಗೆ ಒಮ್ಮೆ ದ್ರವವಾಗಿ, ಒಮ್ಮೆ ಆವಿಯಾಗಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಆದ್ದರಿಂದ ಅದು ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಸೋರುವ ಜಾಗವನ್ನು ಹುಡುಕದೆ ಪ್ರತಿವರ್ಷ ತುಂಬಿಸುವುದನ್ನು ರಿಪೇರಿ ಎಂದು ನಾನು ಒಪ್ಪುವುದಿಲ್ಲ. ಆದರೆ ಮಂಜುಗಡ್ಡೆ ಕಂಡ ಮಾತ್ರಕ್ಕೆ ಗ್ಯಾಸ್ ಕಡಿಮೆ ಎಂದು ತೀರ್ಮಾನಿಸುವಂತಿಲ್ಲ. ಫಿಲ್ಟರ್‌ನಲ್ಲಿ ಧೂಳು ಕಟ್ಟಿ ಕಾಯಿಲ್ ಮೇಲೆ ಸಾಕಷ್ಟು ಗಾಳಿ ಹಾಯದಿದ್ದರೂ ಅದರ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಗಾಳಿಯ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಮೊದಲು ಫಿಲ್ಟರ್ ತೊಳೆಸಿ ನೋಡಿ. ಸೋರಿಕೆ ಖಚಿತವಾದರೆ ನೈಟ್ರೋಜನ್ ಒತ್ತಡ ಕೊಟ್ಟು, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಪತ್ತೆ ಮಾಡಬೇಕು. ಅದನ್ನು ಬೆಸೆದು, ಕೊಳವೆಯನ್ನು ವ್ಯಾಕ್ಯೂಮ್ ಮಾಡಿ (ಒಳಗಿನ ಗಾಳಿಯನ್ನು ಪಂಪಿನಿಂದ ಹೊರತೆಗೆದು), ಆಮೇಲೆ ಗ್ಯಾಸನ್ನು ತೂಕ ಹಾಕಿ ತುಂಬಬೇಕು.

ಇನ್ನು ವಿಷದ ಮಾತು. ಮನೆಯ ಎ.ಸಿ.ಗಳಲ್ಲಿ ಸಾಮಾನ್ಯವಾಗಿ ಇರುವ ಆರ್-22, ಆರ್-410ಎ, ಆರ್-32 ಇವೆಲ್ಲವೂ ವಿಷಗುಣ ಕಡಿಮೆ ಎಂಬ ವರ್ಗಕ್ಕೆ ಸೇರಿದವು. ತಿಂಗಳುಗಟ್ಟಲೆ ಸಣ್ಣದಾಗಿ ಸೋರಿದ ಗ್ಯಾಸಿನಿಂದ ಕೆಮ್ಮು ಬಂದಿರುವ ಸಂಭವ ತೀರಾ ಕಡಿಮೆ. ಕೊಳವೆ ಒಡೆದು ಎಲ್ಲ ಗ್ಯಾಸೂ ಒಮ್ಮೆಲೇ ಸಣ್ಣ, ಮುಚ್ಚಿದ ಕೋಣೆಗೆ ನುಗ್ಗಿದರೆ ಮಾತು ಬೇರೆ. ಗಾಳಿಗಿಂತ ಭಾರವಾದ ಅದು ನೆಲಮಟ್ಟದಲ್ಲಿ ತುಂಬಿಕೊಂಡು ಆಮ್ಲಜನಕವನ್ನು ಹೊರದೂಡುತ್ತದೆ. ತಲೆ ಸುತ್ತಬಹುದು, ಪ್ರಮಾಣ ಹೆಚ್ಚಾದರೆ ಹೃದಯದ ಬಡಿತವೂ ಏರುಪೇರಾಗಬಹುದು. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್, ಆರ್-290 ಎಂದರೆ ಪ್ರೊಪೇನ್, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ನಿಮ್ಮದರಲ್ಲಿ ಯಾವುದಿದೆ ಎಂಬುದನ್ನು ಹೊರಗಿನ ಯೂನಿಟ್‌ಗೆ ಅಂಟಿಸಿದ ಪಟ್ಟಿಯಲ್ಲಿ ಬರೆದಿರುತ್ತಾರೆ. ಬುಸ್ ಎಂಬ ಸದ್ದು ಕೇಳಿದರೆ ಬೆಂಕಿಕಡ್ಡಿ ಗೀರದೆ, ಕೋಣೆಯ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ. ಕರೆಂಟನ್ನು ಹೊರಗಿನ ಎಂ.ಸಿ.ಬಿ.ಯಲ್ಲಿ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಬೀಳುವ ಸ್ವಿಚ್) ಆರಿಸಿ.

ಅತ್ತೆಯವರ ಕೆಮ್ಮಿಗೆ ನಾನು ಅನುಮಾನಿಸುವುದು ಗೋಡೆಯ ಮೇಲಿಳಿಯುವ ಆ ನೀರನ್ನು. ಡ್ರೇನ್ ಪೈಪ್ ಕಟ್ಟಿಕೊಂಡರೆ ಟ್ರೇಯಲ್ಲಿ ನಿಂತ ನೀರು, ಬ್ಲೋವರ್‌ನ ರೆಕ್ಕೆಗಳಿಗೆ ಅಂಟಿದ ಧೂಳು, ಒದ್ದೆ ಗೋಡೆ ಮೂರೂ ಸೇರಿ ಬೂಸ್ಟು ಬೆಳೆಯುವುದಕ್ಕೆ ಹೇಳಿ ಮಾಡಿಸಿದ ಜಾಗವಾಗುತ್ತದೆ. ಗಾಳಿ ಬರುವ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ರೆಕ್ಕೆಗಳ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಂಡರೆ, ಅಥವಾ ಎ.ಸಿ. ಹಾಕಿದ ಮೊದಲ ಕೆಲವು ನಿಮಿಷ ಮುಗ್ಗಲು ವಾಸನೆ ಬಂದರೆ, ಪ್ರತಿ ರಾತ್ರಿ ಬೂಸ್ಟಿನ ಕಣಗಳು ಕೋಣೆಯ ತುಂಬ ಹರಡುತ್ತಿರಬಹುದು. ಆಸ್ತಮಾ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಸುವಾಸನೆಯ ಸ್ಪ್ರೇ ಹೊಡೆಯುವುದರಿಂದ ಕೆಮ್ಮು ಇನ್ನಷ್ಟು ಕೆರಳಬಹುದು. ಬ್ಲೋವರ್ ಬಿಚ್ಚಿ ತೊಳೆಸಿ, ಡ್ರೇನ್ ಪೈಪಿನ ಇಳಿಜಾರು ಸರಿಮಾಡಿಸಿ, ಮತ್ತೆ ಒದ್ದೆಯಾದ ಜಾಗವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿ. ಗೋಡೆಗೆ ಒತ್ತಿಕೊಂಡ ಬೀರುವಿನ ಹಿಂದೆಯೂ ನೋಡಲು ಮರೆಯಬೇಡಿ. (ಬ್ಯಾಕ್ಟೀರಿಯಾದಿಂದ ಬರುವ ಒಂದು ಬಗೆಯ ನ್ಯುಮೋನಿಯಾ ಆದ ಲೀಜನೇರ್ಸ್ ಕಾಯಿಲೆ ಮನೆಯ ಎ.ಸಿ.ಯಿಂದ ಬರುತ್ತದೆಯೇ ಎಂದು ಹಲವರು ಕೇಳುತ್ತಾರೆ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲು ಗುರುತಿಸಲಾದ ಆ ಕಾಯಿಲೆ ಹೆಚ್ಚಾಗಿ ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ಗಳಿಗೆ ಮತ್ತು ನೀರಿನ ವ್ಯವಸ್ಥೆಗಳಿಗೆ ಸಂಬಂಧಿಸಿದ್ದು. ಮನೆಯ ಸ್ಪ್ಲಿಟ್ ಎ.ಸಿ.ಯಲ್ಲಿ ಅಂಥ ಟವರ್ ಇರುವುದಿಲ್ಲ.)

ಪ್ರಶ್ನೆ: ಎ.ಸಿ. ಹಾಕಿದ ಅರ್ಧ ಗಂಟೆಯಲ್ಲಿ ಎಂ.ಸಿ.ಬಿ. ಬೀಳುತ್ತದೆ, ಆಗಾಗ ಪ್ಲಾಸ್ಟಿಕ್ ಸುಟ್ಟ ವಾಸನೆಯೂ ಬರುತ್ತದೆ. ದೊಡ್ಡ ಎಂ.ಸಿ.ಬಿ. ಹಾಕಿದರೆ ಸರಿಹೋಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಕಿಸಲೇ?

ಉತ್ತರ: ದಯವಿಟ್ಟು ಹಾಕಿಸಬೇಡಿ. ಎಂ.ಸಿ.ಬಿ. ಇರುವುದು ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ. ವೈರ್ ಹಳೆಯದೇ ಇದ್ದು ಎಂ.ಸಿ.ಬಿ. ಮಾತ್ರ ದೊಡ್ಡದಾದರೆ, ಅದು ಬೀಳುವ ಮೊದಲೇ ವೈರ್ ಕಾದು ಇನ್ಸುಲೇಷನ್ ಕರಗಬಹುದು.

ಸುಟ್ಟ ವಾಸನೆ ಬಂದ ಕ್ಷಣವೇ ಮುಖ್ಯ ಸ್ವಿಚ್ ಆರಿಸಿ, ಪ್ಲಗ್ ತಣ್ಣಗಾದ ಮೇಲೆ ಅದನ್ನು ಕಿತ್ತು ನೋಡಿ. ಒಂದು ಪಿನ್ ಕಪ್ಪಾಗಿದ್ದರೆ, ಅದರ ಬುಡದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸ್ವಲ್ಪ ಸೊಟ್ಟಗಾಗಿದ್ದರೆ, ಅಲ್ಲಿ ಸಂಪರ್ಕ ಸಡಿಲವಾಗಿದೆ. ಇಂಥ ಸಡಿಲ ಜಾಗದಲ್ಲಿ ಹುಟ್ಟುವ ಶಾಖವನ್ನು ಎಂ.ಸಿ.ಬಿ. ಗುರುತಿಸಲಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹರಿಯುವ ಕರೆಂಟ್ ಮಿತಿಯೊಳಗೇ ಇರುತ್ತದೆ, ಕಾಯುವುದು ಆ ಒಂದು ಬಿಂದು ಮಾತ್ರ. ಎಂ.ಸಿ.ಬಿ. ಬೀಳದಿದ್ದರೂ ಬೆಂಕಿ ಹತ್ತಬಹುದು. ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಿ, ಎಕ್ಸ್‌ಟೆನ್ಷನ್ ಬೋರ್ಡ್ ಬಳಸುತ್ತಿದ್ದರೆ ತೆಗೆದುಹಾಕಿ, ಅರ್ಥಿಂಗ್ ಪರೀಕ್ಷಿಸಿ. 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಎಂ.ಸಿ.ಬಿ. ಆಮೇಲೂ ಬಿದ್ದರೆ ಕಂಪ್ರೆಸರನ್ನು ಪರೀಕ್ಷಿಸಬೇಕು.

ಪ್ರಶ್ನೆ: ಮನೆ ಬದಲಿಸುತ್ತಿದ್ದೇವೆ. ವಿಡಿಯೊ ನೋಡಿಕೊಂಡು ಹೊರಗಿನ ಯೂನಿಟ್ ನಾನೇ ಬಿಚ್ಚಬಹುದೇ?

ಉತ್ತರ: ಬೇಡ. ಕರೆಂಟ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಬಿಚ್ಚುವ ಮೊದಲು ಕಂಪ್ರೆಸರ್ ಓಡಿಸಿ ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದುಕೊಳ್ಳುವ ಹಂತದಲ್ಲಿದೆ. ಕಂಪ್ರೆಸರ್ ಓಡುತ್ತಿರುವಾಗಲೇ ಕೊಳವೆ ಸಡಿಲಿಸಿದರೆ ಗಾಳಿ ಒಳನುಗ್ಗಿ, ಒಳಗಿನ ಎಣ್ಣೆಯೊಂದಿಗೆ ಬೆರೆತು, ಒತ್ತಡದ ಶಾಖಕ್ಕೆ ಕಂಪ್ರೆಸರ್ ಸಿಡಿಯಬಹುದು. ತರಬೇತಾದ ಮೆಕ್ಯಾನಿಕ್‌ನನ್ನೇ ಕರೆಯಿಸಿ, ಕಂಪ್ರೆಸರ್ ಪೂರ್ತಿ ನಿಂತ ಮೇಲಷ್ಟೇ ಕೊಳವೆ ಬಿಚ್ಚಲು ಹೇಳಿ, ಆ ಕೆಲಸ ಮುಗಿಯುವವರೆಗೆ ಮಕ್ಕಳನ್ನು ಅಲ್ಲಿಂದ ದೂರವಿಡಿ.