ಓದುಗರ ಪ್ರಶ್ನೆ: ಸಿಕ್ಕಿದ್ದು ಅದೇ ಹಡಗೇನು?

ಪ್ರಶ್ನೆ: ಕೊಲಂಬಸನ ‘ಸಾಂಟಾ ಮರಿಯಾ’ ಹೈಟಿ ಕಡಲಲ್ಲಿ ಸಿಕ್ಕಿತೆಂದು 2014ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ಅಕ್ಟೋಬರ್ ಹೊತ್ತಿಗೆ ಯುನೆಸ್ಕೊ ತಜ್ಞರು ‘ಅದಲ್ಲ’ ಎಂದರು. ಹೇಗೆ ಗೊತ್ತಾಯಿತು? ಕಟ್ಟಿಗೆಯ ಕಾರ್ಬನ್ ಪರೀಕ್ಷೆ ಸಾಕಿತ್ತಲ್ಲವೇ?
– ಓದುಗರು, ಬೀದರ್

ಉತ್ತರ: ಮುಖ್ಯವಾಗಿ ಮೊಳೆಯಿಂದ. ‘ಸಾಂಟಾ ಮರಿಯಾ’ ಒಡೆದದ್ದು 1492ರಲ್ಲಿ. ಆ ಕಾಲದ ಸ್ಪೇನಿನ ಹಡಗುಗಳಿಗೆ ಕಬ್ಬಿಣದ ಮೊಳೆ, ಮರದ ಗೂಟ ಹೊಡೆಯುತ್ತಿದ್ದರು. ಅಲ್ಲಿ ಸಿಕ್ಕಿದ್ದು ತಾಮ್ರ ಇಲ್ಲವೇ ಕಂಚಿನವು. ಆ ಪದ್ಧತಿ 17ನೇ ಶತಮಾನದ ಕೊನೆಯದು ಅಥವಾ 18ನೆಯದು. ಜಾಗವೂ ಕೊಲಂಬಸನ ಕಾಲದ ವಿವರಣೆಗಿಂತ ದಡದಿಂದ ದೂರವಿತ್ತು. ಶೋಧಕರ ಬಲವಾದ ಆಧಾರವೆಂದರೆ 2003ರಲ್ಲಿ ಫೋಟೋ ತೆಗೆದಿದ್ದ ಒಂದು ಫಿರಂಗಿ. ಮತ್ತೆ ಹೋದಾಗ ಅದು ಅಲ್ಲಿರಲಿಲ್ಲ. ಕೈಗೆ ಸಿಗದ ವಸ್ತುವಿನ ಮೇಲೆ ಹಡಗಿಗೆ ಹೆಸರಿಟ್ಟದ್ದು ಅವಸರವೇ ಸರಿ.

ಕಬ್ಬಿಣದ ಮೊಳೆ ಶತಮಾನಗಟ್ಟಲೆ ಕಡಲಲ್ಲಿ ಉಳಿಯುವುದಿಲ್ಲ. ತುಕ್ಕಿಗೆ ಮರಳು, ಚಿಪ್ಪು ಅಂಟಿ ಗಟ್ಟಿ ಗಡ್ಡೆಯಾಗುತ್ತದೆ, ಒಳಗೆ ಪೊಳ್ಳು. ಅದನ್ನು ಎಕ್ಸ್‌ರೇ ಮಾಡಿ, ಪೊಳ್ಳಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಹೊಯ್ದು, ಗಟ್ಟಿಯಾದ ಮೇಲೆ ಹೊರಗಿನ ಕವಚ ಒಡೆದರೆ ಮೊಳೆಯ ಆಕಾರ ಬರುತ್ತದೆ. ಬಿದರಿ ಎರಕ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ.

ಲೋಹದ ಬೆರಕೆಯೂ ಕಾಲ ಹೇಳುತ್ತದೆ. ಬಿದರಿಯಲ್ಲಿ ಸತುವೇ ಹೆಚ್ಚು, ತಾಮ್ರ ಅಲ್ಪ. ಹಡಗಿನ ತಳಕ್ಕೆ ಹೊದಿಸುತ್ತಿದ್ದ ಮಂಟ್ಜ್ ಲೋಹದಲ್ಲಿ ಸುಮಾರು 60 ಪಾಲು ತಾಮ್ರ, 40 ಪಾಲು ಸತು. ಅದರ ಪೇಟೆಂಟ್ 1832ರದು. ಹಡಗಿನ ತಳದಲ್ಲಿ ಆ ತಗಡಿದ್ದರೆ ಅದು ಮುಳುಗಿದ್ದು 1832ರ ನಂತರವೇ. ಕಟ್ಟಿದ್ದು ಮೊದಲೂ ಇರಬಹುದು, ಏಕೆಂದರೆ ಹಳೆಯ ಹಡಗಿಗೆ ಹೊಸ ತಗಡು ಹೊಡೆಯುವ ರೂಢಿಯಿತ್ತು.

ಕಾರ್ಬನ್ ಪರೀಕ್ಷೆ ಆ ಮರದ ಉಂಗುರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಹಡಗು ಕಟ್ಟಿದ ವರ್ಷವನ್ನಲ್ಲ. ತಿರುಳಿನಿಂದ ಚೂರು ತೆಗೆದರೆ ಮರ ಕಡಿದದ್ದಕ್ಕಿಂತ ನೂರು ವರ್ಷ ಹಿಂದಿನ ಲೆಕ್ಕ ಬಂದೀತು. ಸುಮಾರು 1650ರಿಂದ 1950ರವರೆಗಿನ ಮರಕ್ಕಂತೂ ಒಂದಲ್ಲ, ಹಲವು ಕಾಲಾವಧಿಗಳು ಹೊಂದುತ್ತವೆ. ಉಂಗುರಗಳ ದಪ್ಪ–ತೆಳುವಿನ ಸಾಲನ್ನು ಹೋಲಿಸಿ ನೋಡುವುದು ಹೆಚ್ಚು ನಿಖರ. ಆದರೆ ತೊಗಟೆಯಂಚು ಉಳಿದಿರಬೇಕು, ಆ ಪ್ರದೇಶದ ಉಂಗುರ ದಾಖಲೆಯೂ ಬೇಕು. ಬಡಗಿ ಅಂಚು ಕೆತ್ತಿದ್ದರೆ ‘ಇಂಥ ವರ್ಷದ ನಂತರ’ ಎಂದಷ್ಟೇ ಸಿಗುತ್ತದೆ.

ಪ್ರಶ್ನೆ: ಹಡಗಿನಲ್ಲಿ ನಾಣ್ಯ ಸಿಕ್ಕರೆ ವರ್ಷ ತಿಳಿಯದೇ?
– ಓದುಗರು, ಯಾದಗಿರಿ

ಉತ್ತರ: ಅರ್ಧ ತಿಳಿಯುತ್ತದೆ. ಎಲ್ಲಕ್ಕಿಂತ ಹೊಸ ನಾಣ್ಯವನ್ನು ಹಿಡಿಯಿರಿ. ಹಡಗು ಅದಕ್ಕಿಂತ ಮೊದಲು ಮುಳುಗಿರಲಾರದು. ಅಜ್ಜನ ಕಾಲದ ದುಡ್ಡು ಪೆಟ್ಟಿಗೆಯಲ್ಲಿ ಇರುವಂತೆ ಹಳೆಯ ನಾಣ್ಯ ಎಷ್ಟು ಕಾಲವಾದರೂ ಸುತ್ತುತ್ತದೆ. ಜೊತೆಗೆ ಅದು ಬಿದ್ದಿದ್ದ ಸ್ಥಳವನ್ನೂ ಕೇಳಿ. ಪಕ್ಕೆಲುಬು ಮರಗಳ ಸಂದಿಯಲ್ಲೋ ತಳದ ಭಾರದ ಕಲ್ಲುಗಳ ಅಡಿಯಲ್ಲೋ ಇದ್ದರೆ ಲೆಕ್ಕಕ್ಕೆ ಬಂತು. ಬಂದರಿನ ಕೆಸರಿನ ಮೇಲೆ ಸಿಕ್ಕಿದ್ದು ಬೇರೆ ಯಾವ ಹಡಗಿನಿಂದಲಾದರೂ ಬಿದ್ದಿರಬಹುದು.